ಗ್ರಾವೆಲ್ ಉಳಿಸಿಕೊಡಿ

ಸರ್ಕಾರಿ ಕೆಲಸದಲ್ಲಿದ್ದವರು ಏನೇನನ್ನೋ ನುಂಗುತ್ತಾರೆ ಎಂದು ಜನ ಮಾತಾಡಿಕೊಳ್ಳುತ್ತಾರೆ. ನಾನು ಮಧುಗಿರಿಯ ಒಂದು ಕಚೇರಿಯಲ್ಲಿ ಮೂವತ್ತೆರಡು ವರ್ಷ ಗುಮಾಸ್ತನಾಗಿದ್ದು ನಿವೃತ್ತನಾದವನು. ಒಂದು ಗುಂಡುಸೂಜಿಯನ್ನೂ ನುಂಗಿದವನಲ್ಲ. ಮನೆಗೆ ಬಂದ ಮೇಲೆ ಜೇಬಿನಲ್ಲಿ ಕಚೇರಿಯ ಪೆನ್ನು ಸಿಕ್ಕಿದರೆ ಮಾರನೆಯ ದಿನ ಮೊದಲು ಅದನ್ನು ವಾಪಸು ಇಟ್ಟು ಆಮೇಲೆ ಹಾಜರಿ ಹಾಕುತ್ತಿದ್ದೆ. ಅದಕ್ಕಾಗಿ ಸಹೋದ್ಯೋಗಿಗಳು ಹಿಂದಿನಿಂದ ನನ್ನನ್ನು ಏನೆಂದು ಕರೆಯುತ್ತಿದ್ದರು ಎಂಬುದನ್ನು ಇಲ್ಲಿ ಬರೆಯುವುದು ಬೇಡ. ಇಂಥ ನಾನು, ನಿವೃತ್ತಿಯಾಗಿ ಇನ್ನು ಕೆಟ್ಟ ಹೆಸರು ಬರುವ ಅವಕಾಶವೇ ಇಲ್ಲ ಎಂದು ನೆಮ್ಮದಿಯಾಗಿದ್ದ ಕಾಲದಲ್ಲಿ, ಒಂದು ಹುಣಸೆಮರದ ಕೆಳಗೆ, ಹಾಡಹಗಲಲ್ಲಿ, ನಲವತ್ತು ಜನರ ಎದುರಿಗೆ ಒಂದು ಪದವನ್ನು ನುಂಗಿಬಿಟ್ಟೆ. ಮೂರೇ ಅಕ್ಷರದ ಪದ. ಅದು ಇವತ್ತಿಗೂ ಗಂಟಲಿನಿಂದ ಕೆಳಗೆ ಇಳಿದಿಲ್ಲ. ಮನೆಯಲ್ಲಿ ಹೇಳಿಕೊಳ್ಳುವಂತಿಲ್ಲ, ಆದ್ದರಿಂದ ನಿಮ್ಮ ಹತ್ತಿರ ಹೇಳಿಕೊಳ್ಳುತ್ತಿದ್ದೇನೆ.

ಮೊದಲು ನನ್ನ ವಿದ್ಯೆಯ ವಿಷಯ ಹೇಳಬೇಕು. ನನಗೆ ಬರುವುದು ಒಂದೇ ವಿದ್ಯೆ, ಅರ್ಜಿ ಬರೆಯುವುದು. ಪಿಂಚಣಿ, ಪಹಣಿ ತಿದ್ದುಪಡಿ, ನಲ್ಲಿ ನೀರು, ಬೀದಿ ದೀಪ, ಬೀದಿ ನಾಯಿ, ಯಾವುದಕ್ಕೆ ಬೇಕಾದರೂ ಕೇಳಿ, “ಮಾನ್ಯರೇ” ಎಂದು ಶುರು ಮಾಡಿದರೆ “ತಮ್ಮ ವಿಧೇಯ” ಎನ್ನುವವರೆಗೆ ಪೆನ್ನು ಎತ್ತುವುದಿಲ್ಲ. ಅಕ್ಷರವೂ ದುಂಡಗಿದೆ. ಅದರಲ್ಲೂ ನನ್ನ ಳಕಾರ. ಳಕಾರ ಬಂದರೆ ಅದರ ಕೊನೆಗೆ ಒಂದು ಬಾಲ ಎಳೆದು, ಕೆಳಗಿನ ಗೆರೆಯವರೆಗೆ ಇಳಿಸಿ, ಅಲ್ಲಿಂದ ಬಲಕ್ಕೆ ತಿರುಗಿಸಿ ಬಿಡುತ್ತೇನೆ. ಹೈಸ್ಕೂಲಿನ ಕನ್ನಡ ಮೇಷ್ಟ್ರು ಅದಕ್ಕಾಗಿ ಕಿವಿ ಹಿಂಡಿದ್ದರು, ನಾನು ಬಿಡಲಿಲ್ಲ. ಮದುವೆ ಗೊತ್ತಾದ ಮೇಲೆ ನನ್ನ ಹೆಂಡತಿ ಶಾರದೆಗೆ ನಾನು ಬರೆದದ್ದು ಒಂದೇ ಪತ್ರ. ಅದನ್ನು ಅವಳ ತಂಗಿ ಸಾಕಮ್ಮ ಕಿತ್ತುಕೊಂಡು ಮನೆಯವರಿಗೆಲ್ಲ ಗಟ್ಟಿಯಾಗಿ ಓದಿ ಹೇಳಿ, ಪತ್ರದಲ್ಲಿ ಸಮಾಚಾರ ಏನೂ ಇಲ್ಲ, ಆದರೆ ಗಂಡಿನ ಳಕಾರಕ್ಕೆ ಬಾಲ ಇದೆ ಎಂದು ತೀರ್ಪು ಕೊಟ್ಟಳಂತೆ. ಆಗ ಅವಳು ಲಂಗ ಹಾಕುವ ಹುಡುಗಿ. ಅವಳ ಆ ಮಾತನ್ನು ನಾನು ಮೂವತ್ತು ವರ್ಷ ಹೊಗಳಿಕೆ ಎಂದೇ ತಿಳಿದುಕೊಂಡಿದ್ದೆ.

ಸಾಕಮ್ಮನನ್ನು ಕೊಟ್ಟಿರುವುದು ಹೊಳೆಪಾಳ್ಯಕ್ಕೆ. ಮಧುಗಿರಿಯಿಂದ ಕೊರಟಗೆರೆ ಕಡೆಗೆ ಒಂಬತ್ತು ಕಿಲೋಮೀಟರು, ಜಯಮಂಗಲಿ ಹೊಳೆಯ ದಂಡೆ. ಹೊಳೆ ಎಂದ ತಕ್ಷಣ ನೀವು ನೀರನ್ನು ನೆನೆಸಿಕೊಂಡರೆ ಅದು ನಿಮ್ಮ ತಪ್ಪು. ನಮ್ಮ ಕಡೆ ಹೊಳೆ ಬೇರೆ, ನೀರು ಬೇರೆ. ಈಚೆಗೆ ಒಂದು ಮಳೆಗಾಲದಲ್ಲಿ ಎರಡೂ ಒಟ್ಟಿಗೆ ಬಂದುಬಿಟ್ಟಾಗ ಜನ ಸೇತುವೆಯ ಮೇಲೆ ನಿಂತು ಅರಿಶಿನ ಕುಂಕುಮ ಹಾಕಿ, ಫೋಟೋ ತೆಗೆದುಕೊಂಡು, ಬಸ್ಸು ತಪ್ಪಿಸಿಕೊಂಡರು. ಆದರೂ ದಂಡೆ ಚೆನ್ನಾಗಿದೆ. ಹೊಂಗೆ, ಹುಣಸೆ, ಅಲ್ಲೊಂದು ಇಲ್ಲೊಂದು ತೆಂಗಿನ ತೋಟ, ಬೆಳಗಿನ ಹೊತ್ತು ನವಿಲು. ಸಾಕಮ್ಮನ ಗಂಡನಿಗೆ ಶಿರಾದ ಕಡಲೆಕಾಯಿ ಮಿಲ್ಲಿನಲ್ಲಿ ತೂಕ ಹಾಕುವ ಕೆಲಸ, ವಾರಕ್ಕೊಂದು ಸಲ ಬಂದು ಬಟ್ಟೆ ಒಗೆಸಿಕೊಂಡು ಹೋಗುತ್ತಾನೆ. ಇವಳಿಗೆ ಎರಡು ಹಸು. ಹಾಲಿನ ವ್ಯಾನು ಮಾರಮ್ಮನ ಗುಡಿಯವರೆಗೆ ಬರುತ್ತದೆ, ಏಕೆಂದರೆ ಟಾರು ಅಲ್ಲಿಗೆ ಮುಗಿಯುತ್ತದೆ. ಅಲ್ಲಿಂದ ಇವಳ ಮನೆಗೆ ಎರಡು ಕಿಲೋಮೀಟರು ಜಲ್ಲಿ. ದಿನಕ್ಕೆ ಎರಡು ಸಲ, ತಲೆಯ ಮೇಲೆ ಕ್ಯಾನು ಹೊತ್ತು, ಆ ಜಲ್ಲಿಯ ಮೇಲೆ ನಡೆದು ನಡೆದು ಅವಳ ಬಲಮಂಡಿ ಊದಿಕೊಂಡೇ ಇರುತ್ತದೆ.

ನಮ್ಮ ಕಡೆ ಒಂದು ಊರಿಗೆ ರಸ್ತೆ ಬರುವುದಕ್ಕೆ ಮೂರು ಘಟ್ಟಗಳಿವೆ. ಮೊದಲು ಗ್ರಾವೆಲ್. ಅಂದರೆ ಕೆಂಪು ಗರಸು ಮಣ್ಣು, ಟ್ರ್ಯಾಕ್ಟರಿನಲ್ಲಿ ತಂದು ಹೊಡೆಯುತ್ತಾರೆ. ಆಮೇಲೆ ಜಲ್ಲಿ ಹರಡುತ್ತಾರೆ. ಆಮೇಲೆ ಟಾರು. ಆದ್ದರಿಂದ ಹಳ್ಳಿಯಲ್ಲಿ ಯಾರಾದರೂ “ಗ್ರಾವೆಲ್ ಬಂತು” ಎಂದರೆ ಹೆಣ್ಣಿಗೆ ಗಂಡು ಗೊತ್ತಾಯಿತು ಎಂದ ಹಾಗೆ, ಟಾರು ಇನ್ನು ಬರೀ ಮುಹೂರ್ತದ ಮಾತು. ಹೊಳೆಪಾಳ್ಯದಲ್ಲಿ ಗ್ರಾವೆಲ್ ಹೊಡೆದು, ಜಲ್ಲಿಯನ್ನೂ ಹರಡಿ, ಕಂಟ್ರಾಕ್ಟರು ರೋಲರನ್ನು ಕರೆದುಕೊಂಡು ಎತ್ತಲೋ ಹೋದ. ಗ್ರಾವೆಲ್ ಮಳೆಗೆ ಕೊಚ್ಚಿಹೋಯಿತು, ಜಲ್ಲಿ ಮೇಲೆದ್ದಿತು. ಅಂದಿನಿಂದ ಊರು ಟಾರಿಗೆ ಅರ್ಜಿ ಹಾಕುತ್ತ ಬಂದಿದೆ. ಒಟ್ಟು ಹನ್ನೊಂದು ಅರ್ಜಿ, ಹನ್ನೊಂದನ್ನೂ ಬರೆದವನು ನಾನು. ಪ್ರತಿ ಸಲವೂ ಸಾಕಮ್ಮ ಒಂದು ಚೆಂಬು ಗಟ್ಟಿ ಮೊಸರು ಕೊಟ್ಟು, “ಭಾವ, ಟಾರು ಬಂದ್ರೆ ವ್ಯಾನು ನಮ್ ಬಾಗ್ಲಿಗೇ ಬತ್ತದೆ. ಅಷ್ಟು ಮಾಡ್ಸಿಕೊಟ್ಬುಡಿ, ಸಾಯೋಗಂಟ ನಿಮ್ಮೆಸ್ರು ಹೇಳ್ಕೊಂಡು ಓಡಾಡ್ತೀನಿ” ಎನ್ನುತ್ತಿದ್ದಳು. ಮೊಸರು ಬಹಳ ಚೆನ್ನಾಗಿರುತ್ತಿತ್ತು.

ಇನ್ನು ಸೈಕಲ್ಲಿನ ವಿಷಯ. ನಿವೃತ್ತಿಯಾದ ಮೂರೇ ತಿಂಗಳಿಗೆ ನನಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಡಾಕ್ಟರು ನಡೆಯಿರಿ ಎಂದರು. ಮಧುಗಿರಿಯಲ್ಲಿ ನಡೆಯುವುದು ಅಂದರೆ ಬೆಟ್ಟದ ಬಂಡೆ ಹಗಲೆಲ್ಲ ಕುಡಿದ ಬಿಸಿಲನ್ನು ಸಂಜೆ ಮೈಮೇಲೆ ಕಕ್ಕಿಸಿಕೊಳ್ಳುವುದು. ಜೊತೆಗೆ ಎದುರಿಗೆ ಸಿಕ್ಕಿದ ಪ್ರತಿಯೊಬ್ಬರೂ ನಿಲ್ಲಿಸಿ ಒಂದು ಅರ್ಜಿ ಬರೆಸಿಕೊಳ್ಳುತ್ತಿದ್ದರು. ಅದಕ್ಕೆ ಸೈಕಲ್ಲೇ ವಾಸಿ ಎಂದು ಶಿರಾದ ಬಾಬುಜಾನ್ ಅಂಗಡಿಗೆ ಹೋದೆ. ಬಾಬುಜಾನ್ ಮಸೀದಿ ಹಿಂದಿನ ಬೀದಿಯಲ್ಲಿ ಸೈಕಲ್ ರಿಪೇರಿ ಮಾಡುವವನು, ನನ್ನ ವಯಸ್ಸಿನವನು, ಸುಳ್ಳು ಹೇಳಿ ವ್ಯಾಪಾರ ಮಾಡುವವನಲ್ಲ. ಯಾರೋ ಮಾರಿಹೋಗಿದ್ದ ಒಂದು ದಪ್ಪ ಟೈರಿನ ಸೈಕಲ್ ಮೂಲೆಯಲ್ಲಿತ್ತು. “ಸಾರ್, ಯೇ ರೋಡಿನ್ ಗಾಡಿ ಅಲ್ಲ. ಮಣ್ಣು, ಮರಳು, ಜಲ್ಲಿ, ಎಲ್ಲಿ ಬೇಕಾದ್ರೂ ಹೋಗ್ತದೆ. ಬೆಂಗ್ಳೂರೋರು ಇದ್ರಲ್ಲಿ ಕೂತ್ಕೊಂಡು ಟಾರು ಬಿಟ್ಟು ಬೇಕೂಂತ ಜಲ್ಲಿ ಮೇಲೆ ಹೋಗ್ತಾರೆ” ಎಂದ. ಯಾಕಪ್ಪಾ ಎಂದೆ. “ಶೌಕ್ ಸಾರ್. ಜಲ್ಲಿ ಮೇಲೆ ಶೌಕಿಗೆ ಹೋಗೋರು ಬೇರೆ, ಮಜಬೂರಿಗೆ ಹೋಗೋರು ಬೇರೆ. ನೀವು ಯಾವ್ದು?” ಎಂದು ಕೇಳಿದ. ಶೌಕ್ ಅಂದರೆ ಹುಚ್ಚು ಹವ್ಯಾಸ, ಮಜಬೂರಿ ಅಂದರೆ ವಿಧಿಯಿಲ್ಲದ್ದು ಎಂಬಷ್ಟು ನನಗೂ ಗೊತ್ತು. ಎದೆ ಮುಂದೆ ಮಾಡಿ ಶೌಕೇ ಎಂದೆ. ಸೈಕಲ್ ಮನೆಗೆ ಬಂದಾಗ ಶಾರದೆ, “ಈ ವಯಸ್ಸಲ್ಲಿ ಕಾಲು ಮುರ್ಕೊಂಡ್ರೆ ಆಸ್ಪತ್ರೇಲಿ ನಿಮ್ಮ ಜೊತೆ ಕೂರೋಕೆ ನನ್ನ ಕರೀಬೇಡಿ, ಈಗ್ಲೇ ಹೇಳಿರ್ತೀನಿ” ಎಂದು ಒಳಗೆ ಹೋದಳು.

ಬೆಳಿಗ್ಗೆ ಎದ್ದು ಹೊಳೆಪಾಳ್ಯದ ದಂಡೆಯವರೆಗೆ ಹೋಗಿಬರುವುದು ರೂಢಿಯಾಯಿತು. ನಿಜ ಹೇಳುತ್ತೇನೆ, ನನಗೆ ಸಂತೋಷವಾಗಿತ್ತು. ಮೂವತ್ತೆರಡು ವರ್ಷ ಕುರ್ಚಿಗೆ ಅಂಟಿಕೊಂಡಿದ್ದ ಮೈಗೆ ಆ ಕುಲುಕಾಟವೇ ಹಿತವಾಗಿತ್ತು. ದಪ್ಪ ಟೈರಿನ ಕೆಳಗೆ ಜಲ್ಲಿ ಕಟಕಟ ಎನ್ನುವುದು ಕೇಳುತ್ತ ಹೊಂಗೆಯ ನೆರಳಲ್ಲಿ ಹೋಗುತ್ತಿದ್ದೆ. ಎದುರಿನಿಂದ ಸಾಕಮ್ಮ ಕ್ಯಾನು ಹೊತ್ತು ಕುಂಟುತ್ತ ಬರುತ್ತಿದ್ದಳು. “ಏನ್ ಭಾವ, ಟಾರ್ ಮ್ಯಾಲೆ ಜಾಗ ಇರ್ಲಿಲ್ವಾ, ಇಲ್ಲಿಗಂಟ ಬಂದ್ಬುಟ್ರಿ” ಎನ್ನುತ್ತಿದ್ದಳು. ನಾನು ನಕ್ಕು ಮುಂದೆ ಹೋಗುತ್ತಿದ್ದೆ. ಒಂದು ದಿನವಾದರೂ ಆ ಕ್ಯಾನನ್ನು ಇಸಿದುಕೊಂಡು ಹ್ಯಾಂಡಲಿಗೆ ತಗುಲಿಸಿಕೊಳ್ಳೋಣ ಎಂದು ನನಗೆ ಹೊಳೆಯಲಿಲ್ಲ. ಅದು ವ್ಯಾಯಾಮದ ಸೈಕಲ್ ಎಂದೇ ನನ್ನ ತಲೆಯಲ್ಲಿತ್ತು.

ಹೀಗಿರುವಾಗ ಒಂದು ಭಾನುವಾರ ಬೆಂಗಳೂರಿನಿಂದ ಎಂಟು ಜನ ಸೈಕಲ್ಲಿನವರು ಬಂದರು. ಎಲ್ಲರ ತಲೆಗೂ ಹೆಲ್ಮೆಟ್ಟು, ಕಣ್ಣಿಗೆ ಬಣ್ಣದ ಕನ್ನಡಕ, ಮೈಗೆ ಅಂಟಿಕೊಂಡ ಬಟ್ಟೆ. ಅವರ ಮುಖಂಡ ಪ್ರಣವ್ ಎಂಬ ಹುರುಪಿನ ಮನುಷ್ಯ, ನಲವತ್ತರ ಆಸುಪಾಸು. ರಸ್ತೆಯ ಮಧ್ಯೆ ಕುಕ್ಕರಗಾಲಲ್ಲಿ ಕೂತು ಒಂದು ಹಿಡಿ ಜಲ್ಲಿ ಎತ್ತಿ, ಬೆರಳಲ್ಲಿ ಸವರಿ, “ಎಂಥಾ ಗ್ರಾವೆಲ್, ಎಂಥಾ ಗ್ರಾವೆಲ್” ಎಂದ. ಕ್ಯಾನು ಇಳಿಸಿ ನಿಂತಿದ್ದ ಸಾಕಮ್ಮ ಅದನ್ನು ಕೇಳಿಸಿಕೊಂಡಳು. ನಮ್ಮ ಕಡೆ ಹೆಲ್ಮೆಟ್ಟು ಹಾಕಿಕೊಂಡು ರಸ್ತೆಯಲ್ಲಿ ಕೂತು ಜಲ್ಲಿ ಮುಟ್ಟಿ ನೋಡುವವರು ಎಂದರೆ ಇಂಜಿನಿಯರುಗಳೇ. ಅವಳು ಮಂಡಿ ನೋವನ್ನೂ ಮರೆತು ಮನೆಗೆ ಹೋಗಿ ಎಂಟು ಲೋಟ ಮಜ್ಜಿಗೆ ತಂದಳು. ಮಧ್ಯಾಹ್ನದ ಹೊತ್ತಿಗೆ, ಬೆಂಗಳೂರಿನ ಸಾಹೇಬರು ಸೈಕಲ್ಲಿನಲ್ಲೇ ತನಿಖೆಗೆ ಬಂದಿದ್ದರು, ಗ್ರಾವೆಲ್ ಅಂದರು ಎಂಬ ಸುದ್ದಿ ಊರೆಲ್ಲ ಹಬ್ಬಿತ್ತು. ಅವರು ಇಂಜಿನಿಯರುಗಳಲ್ಲ, ಸವಾರಿಗೆ ಜಲ್ಲಿ ರಸ್ತೆ ಹುಡುಕಿಕೊಂಡು ಬಂದವರು, ಅವರು ಗ್ರಾವೆಲ್ ಎನ್ನುವುದು ಈ ಜಲ್ಲಿಯನ್ನೇ ಎಂದು ನಾನು ಆವತ್ತೇ ಹೇಳಬಹುದಿತ್ತು. ಆದರೆ ಪ್ರಣವ್ ಅಷ್ಟರಲ್ಲಿ ನನ್ನ ಹೆಗಲ ಮೇಲೆ ಕೈ ಹಾಕಿ, “ಅಂಕಲ್, ಈ ಥರದ ದಾರಿಗಳು ನಿಮಗಲ್ಲದೆ ಇನ್ಯಾರಿಗೆ ಗೊತ್ತಿರುತ್ತೆ? ನೀವೇ ನಮ್ಮ ರೂಟ್ ಮಾಸ್ಟರ್” ಎಂದುಬಿಟ್ಟಿದ್ದ. ಮೂವತ್ತೆರಡು ವರ್ಷದಲ್ಲಿ ನನ್ನನ್ನು ಯಾರೂ ಯಾವುದರ ಮಾಸ್ಟರ್ ಎಂದೂ ಕರೆದಿರಲಿಲ್ಲ.

ಅಲ್ಲಿಂದ ನನ್ನ ತಲೆ ತಿರುಗಿತು. ಎರಡು ದಿನದ ಒಂದು ಮಾರ್ಗ ಹಾಕಿಕೊಟ್ಟೆ. ಕೊರಟಗೆರೆಯಲ್ಲಿ ಶುರು, ಜಯಮಂಗಲಿ ದಂಡೆ ಹಿಡಿದು ಹೊಳೆಪಾಳ್ಯ, ಅಲ್ಲಿಂದ ಮಧುಗಿರಿ, ಶಿರಾದಲ್ಲಿ ರಾತ್ರಿ ಬಿಡಾರ, ಮಾರನೆಯ ದಿನ ಪಾವಗಡದ ಕಡೆ ನಿಡುಗಲ್ ಕೋಟೆ ನೋಡಿಕೊಂಡು ಕ್ಯಾತಗಾನಚೆರ್ಲುವಿನಲ್ಲಿ ಮುಕ್ತಾಯ. ಪ್ರಣವ್ ಅದಕ್ಕೆ “ಸೌಮ್ಯ ಹೊಳೆದಂಡೆಯ ಗ್ರಾಮೀಣ ಗ್ರಾವೆಲ್” ಎಂದು ಹೆಸರಿಟ್ಟ. ಸೌಮ್ಯ ಎಂಬ ಪದವನ್ನು ಪಾವಗಡದ ಬಿಸಿಲಿಗೆ ಹೇಗೆ ಹಚ್ಚಿದ ಎಂದು ನಾನು ಕೇಳಲಿಲ್ಲ. ಮೊದಲ ಸವಾರಿಗೆ ನಾನೂ ಹೋಗಿದ್ದೆ. ಕ್ಯಾತಗಾನಚೆರ್ಲು ಮುಟ್ಟುವ ಹೊತ್ತಿಗೆ ಸೂರ್ಯ ನೆತ್ತಿಯ ಮೇಲಿದ್ದ, ಕಣ್ಣು ಹಾಯಿಸಿದಷ್ಟು ದೂರ ಬೇಲಿಯೊಳಗೆ ಸೋಲಾರ್ ಪ್ಯಾನೆಲ್ಲುಗಳು. ದಾರಿ ಬದಿಯಲ್ಲಿ ಕುರಿ ಕಾಯುತ್ತಿದ್ದ ಒಬ್ಬ ಮುದುಕನನ್ನು ಇಲ್ಲಿ ನೆರಳೆಲ್ಲಿದೆ ಎಂದು ಕೇಳಿದೆವು. ಅವನು ಬೇಲಿಯ ಒಳಗಿನ ಪ್ಯಾನೆಲ್ಲುಗಳ ಕಡೆ ಕೈ ತೋರಿಸಿ, “ಅದೋ ಸಾರೂ, ಅಲ್ಲೈತೆ. ನೇಲ ಮಾದೇ, ನೆರಳು ಮಾತ್ರ ವಾಳ್ಳದಿ” ಎಂದ. ಗಡಿಯ ಕಡೆಯ ತೆಲುಗು ಬೆರೆತ ಮಾತು, ನೆಲ ನಮ್ಮದೇ, ನೆರಳು ಮಾತ್ರ ಕಂಪನಿಯವರದು ಎಂದರ್ಥ. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಇಂತ ಎಂಡಲೋ ಸೈಕಲ್ಲಾ? ಬಸ್ಸು ಐತಲ್ಲ ಸಾರೂ” ಎಂದು ಇಂಥ ಬಿಸಿಲಲ್ಲಿ ಸೈಕಲ್ ತುಳಿಯುವುದಕ್ಕೆ ಮರುಗಿದ. ಬೆಂಗಳೂರಿನವರು ಅವನ ಫೋಟೋ ತೆಗೆದುಕೊಂಡರು. ಅವನು ಹೇಳಿದ್ದು ಅವರಿಗೆ ಸರಿಯಾಗಿ ಅರ್ಥವಾಗಲಿಲ್ಲ, ಅರ್ಥವಾದ ನಾನು ಅನುವಾದಿಸುವ ಗೋಜಿಗೆ ಹೋಗಲಿಲ್ಲ.

ಆ ಮಾರ್ಗಕ್ಕೆ ಜನ ಬರತೊಡಗಿದರು. ಅದೇ ಸಮಯಕ್ಕೆ, ಯಾವ ದೇವರಿಗೆ ದಯೆ ಬಂತೋ, ನನ್ನ ಹನ್ನೊಂದನೆಯ ಅರ್ಜಿಗೆ ಉಸಿರು ಬಂದು ಹೊಳೆಪಾಳ್ಯಕ್ಕೆ ಅಳತೆಯವರು ಬಂದರು. ಟೇಪು ಹಿಡಿದು ಗುಡಿಯಿಂದ ಊರವರೆಗೆ ಅಳೆದು, ಕಲ್ಲುಗಳ ಮೇಲೆ ಸುಣ್ಣದಲ್ಲಿ ಗುರುತು ಹಾಕಿ ಹೋದರು. ಟಾರಿನ ಪಟ್ಟಿಗೆ ಊರಿನ ಹೆಸರು ಸೇರಿದೆ ಎಂದರು. ಸಾಕಮ್ಮ ನನಗೆ ಫೋನು ಮಾಡಿ ಅತ್ತಳು. ಅದೇ ವಾರ ಪ್ರಣವನೂ ಫೋನು ಮಾಡಿ ಹೆಚ್ಚು ಕಡಿಮೆ ಅತ್ತ. “ಅಂಕಲ್, ಟಾರ್ ಬಂದ್ರೆ ನಮ್ಮ ರೂಟ್ ಸತ್ತೇಹೋಗುತ್ತೆ. ಅದೊಂದು ಎರಡು ಕಿಲೋಮೀಟರೇ ನಮ್ಮ ಜೀವ. ಊರಿನವರೇ ಬೇಡ ಅಂತ ಒಂದು ಪತ್ರ ಕೊಟ್ರೆ ನಿಲ್ಲಿಸಬಹುದು. ನೀವು ಬರೆದ್ರೆ ಯಾರು ಇಲ್ಲ ಅಂತಾರೆ?” ಎಂದ. ನೋಡೋಣ ಎಂದೆ. ಅವನು, ಹೊಳೆಪಾಳ್ಯದ ಹುಣಸೆಮರದ ಹತ್ತಿರ ಒಂದು ದೊಡ್ಡ ಫಲಕ ಹಾಕಿಸುವುದಾಗಿಯೂ, ಅದರಲ್ಲಿ “ಮಾರ್ಗಶಿಲ್ಪಿ” ಎಂದು ನನ್ನ ಹೆಸರಿರುವುದಾಗಿಯೂ ಹೇಳಿದ. ಮಾರ್ಗಶಿಲ್ಪಿ. ಆ ಪದವನ್ನು ಸ್ನಾನ ಮಾಡುವಾಗ ಒಬ್ಬನೇ ಎರಡು ಮೂರು ಸಲ ಹೇಳಿಕೊಂಡು ನೋಡಿದೆ. ಚೆನ್ನಾಗಿತ್ತು.

ನನ್ನ ಹನ್ನೆರಡನೆಯ ಅರ್ಜಿಯನ್ನು ಆವತ್ತೇ ಬರೆದೆ. ಇಂಥ ಅರ್ಜಿಯನ್ನು ನಾನು ಜೀವಮಾನದಲ್ಲಿ ಬರೆದಿರಲಿಲ್ಲ. ಹೊಳೆಯ ದಂಡೆ, ಹೊಂಗೆಯ ನೆರಳು, ನವಿಲು, ಎಲ್ಲ ಬಂದವು. “ಆದ್ದರಿಂದ ನಮ್ಮ ಹೊಳೆಪಾಳ್ಯದ ರಸ್ತೆಯನ್ನು ಗ್ರಾವೆಲ್ ಮಾರ್ಗವಾಗಿ ಉಳಿಸಿಕೊಡಬೇಕೆಂದು ಗ್ರಾಮಸ್ಥರಾದ ನಾವೆಲ್ಲರೂ ಒಕ್ಕೊರಲಿನಿಂದ ಕೋರುತ್ತೇವೆ” ಎಂದು ಮುಗಿಸಿದೆ. ಟಾರು ಎಂಬ ಪದ ಎಲ್ಲೂ ಬರದಂತೆ ನೋಡಿಕೊಂಡೆ, ಅಷ್ಟು ಕಸುಬು ನನಗಿದೆ. ಭಾನುವಾರ ಹುಣಸೆಮರದ ಕೆಳಗೆ ಊರು ಸೇರಿತು. ಪ್ರಣವನ ಕಡೆಯವರು ಹೆಲ್ಮೆಟ್ಟು ಹಾಕಿಕೊಂಡು ಪಕ್ಕದಲ್ಲಿ ನಿಂತಿದ್ದರು. “ಓದಿ ಹೇಳ್ಬುಡಿ ಭಾವ, ಎಲ್ರೂ ಕೇಳ್ಳಿ” ಎಂದಳು ಸಾಕಮ್ಮ. ಓದಿದೆ. ನವಿಲಿನವರೆಗೆ ಸರಾಗವಾಗಿ ಬಂತು. “ಗ್ರಾವೆಲ್ ಮಾರ್ಗವಾಗಿ” ಎಂಬಲ್ಲಿಗೆ ಬಂದಾಗ ತಲೆ ಎತ್ತಿದೆ. ಸಾಕಮ್ಮ ಮಂಡಿಯ ಮೇಲೆ ಕೈ ಇಟ್ಟುಕೊಂಡು ಬಾಯಿ ಸ್ವಲ್ಪ ತೆರೆದು ಕೇಳುತ್ತಿದ್ದಳು. ನನಗೆ ಕೆಮ್ಮು ಬಂತು. ನಿಜವಾದ ಕೆಮ್ಮಲ್ಲ. ಕೆಮ್ಮಿ ಮುಗಿಸಿ “ಕೊಡಬೇಕೆಂದು” ಎಂದು ಮುಂದಕ್ಕೆ ಹೋದೆ.

“ಗ್ರಾವೆಲ್ ಬತ್ತದೆ ಕಣ್ರಲಾ, ಪುನಾ ಮೊದ್ಲಿಂದ ಹೊಡೀತಾರಂತೆ” ಎಂದು ಹಿಂದೆ ಯಾರೋ ಕಿವುಡ ಮುದುಕನಿಗೆ ವಿವರಿಸಿದರು. “ಗ್ರಾವೆಲ್ ಬಂದ್ಮ್ಯಾಲೆ ಟಾರು ಎಲ್ಗೋಯ್ತದೆ” ಎಂದ ಮುದುಕ. ಎಲ್ಲರೂ ತೃಪ್ತಿಯಿಂದ ತಲೆದೂಗಿದರು. ಏಳನೇ ಕ್ಲಾಸು ಓದಿದ ಸಾಕಮ್ಮ ಕಾಗದವನ್ನು ಓದಿ ನೋಡಬಹುದಿತ್ತು. ಆದರೆ ಬರೆದವನು ಭಾವ, ಓದಿದವನೂ ಭಾವ, ಇನ್ನೇನು ಓದುವುದು ಎಂದು ಮೊದಲ ಸಹಿ ಅವಳೇ ಹಾಕಿದಳು. ಆಮೇಲೆ ನಲವತ್ತು ಜನ ಹಾಕಿದರು. ಒಂದು ತೆಂಗಿನಕಾಯಿ ಒಡೆದು ಎಲ್ಲರಿಗೂ ಹೋಳು ಹಂಚಿದರು. ನನಗೆ ದೊಡ್ಡ ಹೋಳು ಕೊಟ್ಟರು. ತಿಂದೆ.

ಎರಡು ತಿಂಗಳಿಗೆ ಫಲಕ ಬಂತು. ಹಸಿರು ಬಣ್ಣ, ದಾರಿಯ ನಕ್ಷೆ, ಮೂಲೆಯಲ್ಲಿ ನವಿಲು. ಕೆಳಗೆ “ಮಾರ್ಗಶಿಲ್ಪಿ: ಶ್ರೀ ನಂಜುಡಯ್ಯ” ಎಂದಿತ್ತು. ನನ್ನ ಹೆಸರು ನಂಜುಂಡಯ್ಯ. ಬೆಂಗಳೂರಿನಲ್ಲಿ ಅಚ್ಚು ಮಾಡಿಸುವಾಗ ಒಂದು ಸೊನ್ನೆ ನುಂಗಿದ್ದರು. ಪ್ರಣವನಿಗೆ ಹೇಳಿದರೆ, “ಯಾರೂ ನೋಡಲ್ಲ ಬಿಡಿ ಅಂಕಲ್” ಎಂದ. ಫಲಕ ಬಂತು, ಟಾರು ಬರಲಿಲ್ಲ. ಕಲ್ಲುಗಳ ಮೇಲಿನ ಸುಣ್ಣ ಮಾಸಿತು. ಆ ವರ್ಷ ಹೊಳೆಯ ಆಚೆ ದಂಡೆಯ ಊರಿಗೆ ಟಾರು ಬಿತ್ತು. ಸಾಕಮ್ಮ ದಿನಾ ಕ್ಯಾನು ಹೊತ್ತು ಹೋಗುವಾಗ ಆಚೆ ದಂಡೆಯಲ್ಲಿ ಹಾಲಿನ ವ್ಯಾನು ನುಣ್ಣಗೆ ಊರೊಳಗೆ ಹೋಗುವುದು ಅವಳ ಕಣ್ಣಿಗೆ ಬೀಳುತ್ತಿತ್ತು. ಅದನ್ನು ಅವಳು ನನಗೆ ಹೇಳಿದಾಗ ನಾನು ಬಗ್ಗಿ ಸೈಕಲ್ಲಿನ ಟೈರು ಒತ್ತಿ ನೋಡಿದೆ.

“ನಡೀರಿ ಭಾವ, ಆಫೀಸ್ನಾಗೇ ಕೇಳ್ಬುಡೋಣ” ಎಂದು ಅವಳೇ ಒಂದು ದಿನ ಹೊರಟಳು. ಬೇಡ ಎನ್ನಲು ನನಗೆ ನೆಪ ಸಿಗಲಿಲ್ಲ. ಕಚೇರಿಯಲ್ಲಿ ಚೂಟಿಯಾದ ಒಬ್ಬ ಗುಮಾಸ್ತೆ ಇದ್ದಳು, ಕೇಳಿದ ತಕ್ಷಣ ಫೈಲು ತೆಗೆದಳು. ನನ್ನ ಕಾಲದಲ್ಲಿ ಹಾಗೆ ತೆಗೆಯುತ್ತಿರಲಿಲ್ಲ, ತೆಗೆಯದಿದ್ದರೆ ಎಷ್ಟೋ ಒಳ್ಳೆಯದಿತ್ತು. ಒಂದೊಂದೇ ಹಾಳೆ ತಿರುವುತ್ತ, “ಹನ್ನೊಂದು ಸಲ ಟಾರ್ ಕೇಳಿದೀರ. ಆಮೇಲೆ ನೀವೇ ಬೇಡ ಅಂತ ಬರ್ಕೊಟ್ಟಿದೀರಲ್ಲಮ್ಮ. ಮೊದಲ್ನೇ ಸಹಿ ಸಾಕಮ್ಮ ಅಂತಿದೆ, ಯಾರಿದು?” ಎಂದಳು. “ನಾನೇಯ” ಎಂದಳು ಸಾಕಮ್ಮ. ಆ ಹುಡುಗಿ ಹನ್ನೆರಡನೆಯ ಅರ್ಜಿಯನ್ನು ಗಟ್ಟಿಯಾಗಿ, ಒಂದು ಪದವನ್ನೂ ಬಿಡದೆ, ಕೆಮ್ಮದೆ ಓದಿದಳು. “ಉಳಿಸಿಕೊಡಬೇಕೆಂದು” ಎಂಬಲ್ಲಿ ನಾನು ಕಿಟಕಿಯ ಆಚೆ ನೋಡುತ್ತಿದ್ದೆ. ಕೊನೆಗೆ ಆಕೆ, “ತುಂಬಾ ಚೆನ್ನಾಗಿ ಬರ್ದಿದಾರೆ ನೋಡಿ, ನಮ್ಮ ಸಾಹೇಬ್ರು ಓದಿ ಖುಷಿಪಟ್ರು” ಎಂದು ಹಾಳೆಯನ್ನು ಮೇಜಿನ ಮೇಲೆ ನಮ್ಮ ಕಡೆ ತಿರುಗಿಸಿದಳು. ಸಾಕಮ್ಮ ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಹೊರಗೆ ಬಂದು ಮೆಟ್ಟಿಲು ಇಳಿಯುವಾಗ, ಗೋಡೆ ಹಿಡಿದುಕೊಂಡು, “ಯಾರ್ ಭಾವ ಇದುನ್ನ ಬರ್ದಿದ್ದು?” ಎಂದು ಕೇಳಿದಳು. “ಯಾರೋ ಬೆಂಗಳೂರಿನವರು, ಹಾಳೆ ಬದಲಾಯಿಸಿರಬೇಕು” ಎಂದೆ. ಅವಳು ತಲೆಯಾಡಿಸಿದಳು. ನನಗೆ ನಾಚಿಕೆಯಾಗುತ್ತಿತ್ತು. ಅರವತ್ತು ದಾಟಿದ ಮೇಲೆ ಆಗುವ ನಾಚಿಕೆ ಬಹಳ ಕೆಟ್ಟದ್ದು, ಎಳೆಯ ವಯಸ್ಸಿನಲ್ಲಾದರೆ ಮರೆಯುವುದಕ್ಕೆ ಕಾಲ ಇರುತ್ತದೆ.

ಮಾರನೆಯ ಬೆಳಿಗ್ಗೆ ಶಿರಾಕ್ಕೆ ಹೋಗಿ ಬಾಬುಜಾನ್ ಹತ್ತಿರ ಸೈಕಲ್ಲಿನ ಹಿಂದೆ ಕ್ಯಾನು ತಗುಲಿಸುವ ಒಂದು ಕಬ್ಬಿಣದ ಕೊಕ್ಕೆ ಹಾಕಿಸಿಕೊಂಡು ಬಂದೆ. ಏನೂ ಕೇಳದೆ ಬೆಸುಗೆ ಹಾಕಿದ, ಕೊನೆಗೆ, “ಇವಾಗ ಸೈಕಲ್ ಸೈಕಲ್ ಆಯ್ತು ಸಾರ್” ಎಂದ. ಅಂದಿನಿಂದ ದಿನಾ ಬೆಳಿಗ್ಗೆ ಮಧುಗಿರಿಯಿಂದ ಒಂಬತ್ತು ಕಿಲೋಮೀಟರು ಹೋಗಿ, ಸಾಕಮ್ಮನ ಕ್ಯಾನನ್ನು ಗುಡಿಯವರೆಗೆ ಸಾಗಿಸುತ್ತಿದ್ದೇನೆ. ವ್ಯಾಯಾಮ ಹೇಗೂ ಬೇಕು, ನಿನ್ನ ಮಂಡಿಗೂ ಒಂದು ಹೊತ್ತು ಬಿಡುವು ಎಂದು ಅವಳಿಗೆ ಹೇಳಿದ್ದೆ. ಆದರೆ ನನ್ನ ಮಾರ್ಗ ಎಂಥದ್ದು ಎಂದು ನನಗೆ ತಿಳಿದದ್ದು ಹಾಲು ಕಟ್ಟಿಕೊಂಡ ಮೇಲೆ. ಖಾಲಿ ಸೈಕಲ್ಲಿಗೆ ಹಿತವಾಗಿದ್ದ ಕುಲುಕಾಟ ಕ್ಯಾನಿಗೆ ಹಿತವಲ್ಲ. ಮೊದಲ ದಿನ ಮುಚ್ಚಳ ಹಾರಿ ಅರ್ಧ ಹಾಲನ್ನು ಫಲಕದ ಬುಡಕ್ಕೆ ಅಭಿಷೇಕ ಮಾಡಿದೆ. ಎರಡನೆಯ ದಿನ ಗುಡಿಯ ಹತ್ತಿರ ಹಾಲು ಅಳೆಯುವವನು ಕ್ಯಾನಿನಲ್ಲಿ ಇಣುಕಿ, “ಏನ್ ಸ್ವಾಮಿ, ಕಡ್ಕೊಂಡೇ ಬಂದ್ಬುಟ್ಟಿದ್ದೀರಾ, ಬೆಣ್ಣೆ ತೇಲ್ತಾ ಐತೆ” ಎಂದ. ಈಗ ಏರಿನಲ್ಲಿ ಇಳಿದು ತಳ್ಳುತ್ತೇನೆ, ಇಳಿಜಾರಿನಲ್ಲೂ ಇಳಿದೇ ತಳ್ಳುತ್ತೇನೆ. ನವಿಲು ಕೂಗುತ್ತಿರುತ್ತದೆ, ಅದರ ಕಡೆ ನೋಡಲು ಪುರುಸೊತ್ತಿಲ್ಲ.

ಹೋದ ತಿಂಗಳು ಒಂದು ಬೆಳಿಗ್ಗೆ ತಲೆಗೆ ಟವೆಲ್ಲು ಸುತ್ತಿಕೊಂಡು ತಳ್ಳಿಕೊಂಡು ಬರುವಾಗ ಹೊಸ ತಂಡವೊಂದು ಎದುರಾಯಿತು. ಮುಂದೆ ಪ್ರಣವ್. ನನ್ನ ಗುರುತು ಅವನಿಗೆ ಹತ್ತಲಿಲ್ಲ. “ಸ್ವಲ್ಪ ಹಾಗೇ ನಿಲ್ಲಿ ಅಣ್ಣಾ” ಎಂದು ನಾಲ್ಕು ಫೋಟೋ ಹೊಡೆದುಕೊಂಡು ಹೋದ. ಅಂಕಲ್‌ನಿಂದ ಅಣ್ಣನ ಮಟ್ಟಕ್ಕೆ ಇಳಿದ ಮೇಲೆ ನಾನೂ ಗುರುತು ಹೇಳಲಿಲ್ಲ. ವಾರದ ಮೇಲೆ ಶಾರದೆ ಫೋನಿನಲ್ಲಿ ತೋರಿಸಿದಳು. ಜಲ್ಲಿ ರಸ್ತೆ, ಹೊಂಗೆ ಮರ, ಕ್ಯಾನು, ನಾನು. ಕೆಳಗೆ, “ಕಾಲ ನಿಂತುಹೋದ ಹೊಳೆಪಾಳ್ಯದಲ್ಲಿ ಒಬ್ಬ ಅಪ್ಪಟ ಹಾಲುಗಾರ” ಎಂದು ಬರೆದಿತ್ತು. ನನಗೆ ತಡೆಯಲಾಗದ ಸಿಟ್ಟು ಬಂತು. ಕಾಲ ಅದಾಗಿ ನಿಂತಿಲ್ಲ ಕಣಯ್ಯಾ, ನಾನು ಅರ್ಜಿ ಬರೆದು ನಿಲ್ಲಿಸಿದ್ದೇನೆ ಎಂದು ಫೋನಿಗೆ ಬೈದೆ. ಶಾರದೆಗೆ ಅದು ಅರ್ಥವಾಗಲಿಲ್ಲ, ಸದ್ಯ.

ಮಾರನೆಯ ಬೆಳಿಗ್ಗೆ ಸಾಕಮ್ಮನಿಗೂ ಆ ಫೋಟೋ ಮುಟ್ಟಿತ್ತು. “ಫೋಟೋದಾಗೆ ಚೆನ್ನಾಗ್ ಬಂದಿದ್ದೀರ ಬುಡಿ ಭಾವ” ಎಂದಳು. ಇನ್ನು ತಡೆದುಕೊಳ್ಳುವುದು ನನ್ನಿಂದಾಗಲಿಲ್ಲ. “ಸಾಕಮ್ಮ, ಆ ಅರ್ಜಿ ಇತ್ತಲ್ಲ...” ಎಂದು ಶುರು ಮಾಡಿದೆ. ಅವಳು ನನ್ನ ಮುಖ ನೋಡದೆ ಕ್ಯಾನಿನ ಮುಚ್ಚಳವನ್ನು ಒತ್ತುತ್ತ, “ಗೊತ್ತು ಕಣ್ ಭಾವ” ಎಂದಳು. “ಆವತ್ತು ಆ ಹುಡ್ಗಿ ಫೈಲು ತಿರುವಾಕ್ತಿದ್ರೆ ನಾನು ಅಕ್ಷರ ನೋಡ್ತಿದ್ದೆ. ಹನ್ನೊಂದು ಅರ್ಜೀಲೂ ಹೊಳೆಪಾಳ್ಯದ ಳಕ್ಕೆ ಬಾಲ ಇತ್ತು. ಹನ್ನೆರಡನೇದ್ರಾಗೂ ಇತ್ತು. ಉಳಿಸಿ ಅಂತ ಬರ್ದಿರೋ ತಾವ ಇನ್ನೂ ಉದ್ದಕ್ಕೆ ಎಳ್ದಿದ್ರಿ.”

ಸೈಕಲ್ಲಿನ ಹ್ಯಾಂಡಲು ಹಿಡಿದು ನಿಂತಿದ್ದೆ. “ಮತ್ತೆ ಆವತ್ತೇ ಯಾಕೆ ಕೇಳಲಿಲ್ಲ?” ಎಂದೆ.

“ಕೇಳಿದ್ನಲ್ಲ ಮೆಟ್ಲ ಮ್ಯಾಲೆ. ಬೆಂಗ್ಳೂರೋರು ಅಂದ್ರಿ.”

“ನಿಮ್ಮಕ್ಕನಿಗೆ ಹೇಳಿದೆಯಾ?” ಎಂದು ಕೇಳಿದೆ. ಆ ಹೊತ್ತಿನಲ್ಲೂ ನನಗೆ ಅದೇ ಚಿಂತೆ.

“ಇಲ್ಲ ಬುಡಿ. ಹೇಳಾಕೂ ಹೋಗಲ್ಲ” ಎಂದು ಕ್ಯಾನನ್ನು ಎತ್ತಿ ಕೊಕ್ಕೆಗೆ ತಾನೇ ತಗುಲಿಸಿ, ಅಲುಗಾಡುತ್ತದೋ ಎಂದು ಒಂದು ಸಲ ನೋಡಿದಳು. “ಬರೋ ವಾರ ಇನ್ನೊಂದು ಹಸ ಕಟ್ತಾ ಇವ್ನಿ. ಎಳ್ಡು ಕ್ಯಾನ್ ಆಯ್ತದೆ. ಸಂಜೆ ಹಾಲಿಗೂ ಬಂದ್ಬುಡಿ ಭಾವ, ನಂಗೆ ಮಂಡಿ ನೋವು” ಎಂದು ಒಳಗೆ ಹೋದಳು.

ನಿನ್ನೆ ಇನ್ನೊಂದು ಕೊಕ್ಕೆ ಹಾಕಿಸಲು ಶಿರಾಕ್ಕೆ ಹೋಗಿದ್ದೆ. ಬೆಸುಗೆ ಹಾಕುತ್ತಿದ್ದ ಬಾಬುಜಾನ್ ಕನ್ನಡಕ ಮೇಲೆತ್ತಿ ನನ್ನನ್ನು ನೋಡಿದ. “ದಿನಾ ಎಳ್ಡು ಹೊತ್ತು, ಎಳ್ಡು ಕ್ಯಾನು, ಅದೂ ಜಲ್ಲಿ ಮೇಲೆ. ಸಚ್ ಹೇಳಿ ಸಾರ್, ಇದು ಶೌಕಾ, ಮಜಬೂರಿಯಾ?” ಎಂದು ಕೇಳಿದ. ನನಗೆ ಕೆಮ್ಮು ಬಂತು.